ಪರ್ಫೆಕ್ಟ್ ಆಗಿ ಎಸೆಯುತ್ತಿದ್ದವನನ್ನು ಹೊರಗೆ ಕೂರಿಸಿದ್ದು ಸರಿಯೇ

ಬೇಸ್‌ಬಾಲ್ ನಮ್ಮಲ್ಲಿ ನೋಡೋರೇ ಕಮ್ಮಿ. ಆದರೂ 2022ರ ಏಪ್ರಿಲ್ 10ರಂದು ಜಪಾನಿನ ಚೀಬಾದಲ್ಲಿ ರೋಕಿ ಸಸಾಕಿ ಎಸೆದ ಪಂದ್ಯವನ್ನು ಕ್ರಿಕೆಟ್ ಹುಚ್ಚಿರುವವರು ಒಮ್ಮೆ ನೋಡಲೇಬೇಕು. ಮರೀನ್ಸ್ ತಂಡದ ಹುಡುಗ, ಆಗ ಬರೀ 20 ವರ್ಷ. ಎದುರಿಗೆ ಹಿಂದಿನ ವರ್ಷ ಪೆಸಿಫಿಕ್ ಲೀಗ್ ಗೆದ್ದಿದ್ದ ಓರಿಕ್ಸ್ ಬಫಲೋಸ್. 27 ಜನ ಬ್ಯಾಟ್ ಹಿಡಿದು ಬಂದರು, 27 ಜನರೂ ಔಟ್. ಓಟದ ಮೊದಲ ನಿಲ್ದಾಣವಾದ ಮೊದಲ ಬೇಸ್ ಮುಟ್ಟಿದವನು ಒಬ್ಬನೂ ಇಲ್ಲ. ಇದಕ್ಕೇ ಪರ್ಫೆಕ್ಟ್ ಗೇಮ್ ಅನ್ನೋದು. ಅದರಲ್ಲಿ 19 ಸ್ಟ್ರೈಕ್‌ಔಟ್, ಅಂದರೆ ಮೂರು ಸ್ಟ್ರೈಕ್ ಆಗಿ ಬ್ಯಾಟ್ಸ್‌ಮನ್ ಔಟ್, ಫೀಲ್ಡರುಗಳಿಗೆ ಹೆಚ್ಚು ಕೆಲಸವೇ ಇಲ್ಲ. ನಡುವೆ 13 ಜನ ಸಾಲಾಗಿ ಹಾಗೇ ಹೋದರು. ಅಲ್ಲಿಯವರೆಗೆ ಜಪಾನಿನ ದಾಖಲೆ 9.

ಅವನ ಫೋರ್ಕ್‌ಬಾಲ್ ನೋಡಬೇಕು ನೀವು. ಎರಡು ಬೆರಳು ಅಗಲಿಸಿ ನಡುವೆ ಚೆಂಡು ಸಿಕ್ಕಿಸಿಕೊಳ್ಳುತ್ತಾನೆ. ಕೈ ಬೀಸುವುದು ಮಾತ್ರ 160 ಕಿ.ಮೀ. ವೇಗದ ಚೆಂಡಿಗೆ ಬೀಸಿದ ಹಾಗೇ. ಬ್ಯಾಟ್ಸ್‌ಮನ್ ವೇಗಕ್ಕೆ ತಯಾರಾಗಿ ಬೀಸುತ್ತಾನೆ, ಚೆಂಡು ಹತ್ತಿರ ಬಂದು ಟಕ್ ಅಂತ ಕೆಳಗೆ ಬೀಳುತ್ತದೆ. ಮಸತಾಕ ಯೋಶಿದ ಅಂತ ಒಬ್ಬರಿದ್ದಾರೆ, 2020 ಮತ್ತು 2021ರಲ್ಲಿ ಆ ಲೀಗಿನ ಬ್ಯಾಟಿಂಗ್ ಚಾಂಪಿಯನ್, ಸುಮ್ನೆ ಬ್ಯಾಟ್ ಬೀಸಿ ಔಟ್ ಆಗುವ ಆಸಾಮಿಯಲ್ಲ. ಅವತ್ತು ಮೂರು ಸಲವೂ ಸ್ಟ್ರೈಕ್‌ಔಟ್! ಇಷ್ಟಕ್ಕೂ ಚೆಂಡು ಹಿಡಿಯುತ್ತಿದ್ದ ಕ್ಯಾಚರ್ ಮತ್ಸುಕಾವನಿಗೆ 18 ವರ್ಷ, ಆಗಷ್ಟೇ ಹೈಸ್ಕೂಲ್ ಮುಗಿಸಿ ಬಂದವನು. ಅವನ ಹೆಸರು ಯಾಕೋ ಯಾರೂ ಜಾಸ್ತಿ ಹೇಳುವುದಿಲ್ಲ.

ನಾನು ಹೇಳಬೇಕಾಗಿರುವುದು ಅದಾದ ಮರುವಾರ, ಏಪ್ರಿಲ್ 17ರ ಭಾನುವಾರದ ಪಂದ್ಯದ ಬಗ್ಗೆ. ನಿಪ್ಪಾನ್‌ಹ್ಯಾಮ್ ತಂಡದ ಎದುರು 9 ಇನಿಂಗ್ಸಿನ ಆಟದಲ್ಲಿ ಸಸಾಕಿ ಮತ್ತೆ 8 ಇನಿಂಗ್ಸ್ ಪರ್ಫೆಕ್ಟ್. 14 ಸ್ಟ್ರೈಕ್‌ಔಟ್, 102 ಎಸೆತ, ಸ್ಕೋರು 0-0. ಸತತ ಎರಡು ಪರ್ಫೆಕ್ಟ್ ಗೇಮ್ ಜಪಾನಿನಲ್ಲಾಗಲಿ ಅಮೆರಿಕದ ಮೇಜರ್ ಲೀಗಿನಲ್ಲಾಗಲಿ ಯಾರೂ ಎಸೆದಿಲ್ಲ. ಅಂಥಾ ಹೊತ್ತಲ್ಲಿ ಮರೀನ್ಸ್ ಮ್ಯಾನೇಜರ್ (ನಮ್ಮ ಹೆಡ್ ಕೋಚ್ ಇದ್ದ ಹಾಗೆ) ಇಗುಚಿ ಅವನನ್ನು ಹೊರಗೆ ಕರೆದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತ ಹೊಟ್ಟೆ ಉರಿಯುತ್ತೆ, ಅಲ್ವಾ? ನನಗೂ ಉರಿಯಿತು. ಆದರೂ ನಾನು ಇಗುಚಿ ಪರ.

2019ರಲ್ಲಿ ಇದೇ ಹುಡುಗ ಇವಾತೆ ಪ್ರಾಂತ್ಯದ ಹೈಸ್ಕೂಲ್ ಟೂರ್ನಿಯಲ್ಲಿ ಒಂದೇ ಪಂದ್ಯದಲ್ಲಿ 194 ಎಸೆತ ಎಸೆದಿದ್ದ. ಸೆಮಿಫೈನಲ್‌ನಲ್ಲಿ 129. ಮಾರನೇ ದಿನವೇ ಫೈನಲ್. ಗೆದ್ದರೆ ಕೋಶಿಯೆನ್, ಅಂದರೆ ಅಲ್ಲಿನ ಹೈಸ್ಕೂಲ್ ಹುಡುಗರ ಕನಸಿನ ಮೈದಾನ. ಕೋಚ್ ಅವನನ್ನು ಆಡಿಸಲಿಲ್ಲ. 12-2ರಲ್ಲಿ ಸೋತರು. ಶಾಲೆಗೆ ಬೈಗುಳದ ಫೋನುಗಳ ಸುರಿಮಳೆ. ಮರೀನ್ಸ್ ಸೇರಿದ ಮೇಲೂ ಅಷ್ಟೇ, 2020ರಲ್ಲಿ ಇಡೀ ವರ್ಷ ಒಂದೂ ಅಧಿಕೃತ ಪಂದ್ಯ ಆಡಿಸಲಿಲ್ಲ, ಬರೀ ಮೈ ಗಟ್ಟಿ ಮಾಡಿಸಿದರು. ಅಷ್ಟು ಕಾದು ಬೆಳೆಸಿದ ತೋಳನ್ನು ಒಂದು ದಾಖಲೆಗೋಸ್ಕರ ಪಣಕ್ಕಿಡಿ ಅನ್ನೋರು, ನಾಳೆ ಅದು ಹೋದರೆ ಜೊತೆಗೆ ನಿಲ್ಲುತ್ತಾರಾ? ಆಗ ಇನ್ನೊಬ್ಬ ಹುಡುಗನಿಗೆ ಚಪ್ಪಾಳೆ ಹೊಡೆಯುತ್ತಾ ಇರುತ್ತಾರೆ.

ಆ ಪಂದ್ಯವನ್ನು ಮರೀನ್ಸ್ ಹತ್ತನೇ ಇನಿಂಗ್ಸಿನಲ್ಲಿ ಒಂದೇ ಒಂದು ಹೋಮ್ ರನ್‌ಗೆ 1-0ಯಿಂದ ಸೋತಿತು. ಹಾಗಂತ ಇಗುಚಿ ಮಾಡಿದ್ದು ತಪ್ಪು ಅನ್ನೋರ ಜೊತೆ ನಾನು ಕಾಮೆಂಟಿನಲ್ಲಿ ಜಗಳಕ್ಕೆ ರೆಡಿ.