ಕಮಾನಿಗೆ ಗ್ರಾನೈಟ್ ಸಿಕ್ಕಿತು, ಗಣಿತಕ್ಕೆ ಮೇಷ್ಟ್ರು ಸಿಗಲಿಲ್ಲ

ಭಾನುವಾರ ನಮ್ಮ ಹೈಸ್ಕೂಲಿನ ಹಳೇ ವಿದ್ಯಾರ್ಥಿಗಳ ಸಮಾವೇಶ ಇತ್ತು. ಹೋಗಿದ್ದೆ. ಊಟ ಚೆನ್ನಾಗಿತ್ತು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಉಂಡ ಮನೆಗೆ ಎರಡು ಬಗೆದ ಅಂತ ಆಮೇಲೆ ಯಾರೂ ಅನ್ನಬಾರದು. ಸಿಟ್ಟು ಬಂದದ್ದು ಗೇಟಿನಲ್ಲಿ. ಹೊಸದಾಗಿ ಒಂದು ಕಮಾನು ಎದ್ದಿದೆ. ಎರಡು ಕಡೆ ದಪ್ಪ ಕಂಬ, ಕಂಬಕ್ಕೆ ಹೊಳೆಯುವ ಕರಿ ಗ್ರಾನೈಟ್, ಗ್ರಾನೈಟಿನ ಮೇಲೆ ಬಂಗಾರದ ಬಣ್ಣದಲ್ಲಿ ದಾನಿಗಳ ಹೆಸರು. ಯಾರು ಎಷ್ಟು ಕೊಟ್ಟರು ಅನ್ನೋದನ್ನೂ ಕೆತ್ತಿಸಿದ್ದಾರೆ. ಇಡೀ ಮಧ್ಯಾಹ್ನ ಜನ ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಂಡರು.

ಅದೇ ಶಾಲೆಯಲ್ಲಿ ಈಗ ಗಣಿತಕ್ಕೆ ಕಾಯಂ ಮೇಷ್ಟ್ರಿಲ್ಲ. ನಮಗೆ ಪಾಠ ಮಾಡಿದ ಸಾರು ನಿವೃತ್ತರಾದ ಮೇಲೆ ಆ ಹುದ್ದೆಯನ್ನು ತುಂಬಿಯೇ ಇಲ್ಲ. ಗೆಸ್ಟ್ ಟೀಚರ್ ಒಬ್ಬರಿದ್ದಾರೆ, ಚಿಕ್ಕ ವಯಸ್ಸು, ಬಿ.ಎಡ್. ಆಗಿದೆ, ಚೆನ್ನಾಗಿ ಹೇಳಿಕೊಡುತ್ತಾರಂತೆ. ಅವರಿಗೆ ಸಿಗುವ ಸಂಬಳ ಕೇಳಿ ನನಗೆ ಮಾತೇ ಹೊರಡಲಿಲ್ಲ. ನಮ್ಮ ಬ್ಯಾಚಿನ ಕೆಲವರ ಕಾರಿಗೆ ತಿಂಗಳಿಗೆ ಅದಕ್ಕಿಂತ ಜಾಸ್ತಿ ಡೀಸೆಲ್ ಬೇಕು.

ಶಾಲೆಯ ಹೆಸರು ಬರೆಯಲ್ಲ. ಓದಿದವರಿಗೆ ಗೊತ್ತು. ಬಳ್ಳಾರಿಯಲ್ಲಿ ಇಂಥ ಕಥೋಲಿಕ ಶಾಲೆ ಇದೊಂದೇ ಅಲ್ಲ, ಕಥೆಯೂ ಇದೊಂದರದ್ದೇ ಅಲ್ಲ.

ವೇದಿಕೆ ಮೇಲೆ ಬಂದವರೆಲ್ಲ ಹೇಳಿದ್ದು ಒಂದೇ: "ಇದು ಫಾದರ್‌ಗಳು ಕಟ್ಟಿದ ಶಾಲೆ." ಹೌದು, ಅವರೇ ಕಟ್ಟಿದರು. ಯಾರು ಇಲ್ಲ ಅಂದರು? ಆದರೆ ಒಬ್ಬ ಮಹಾಶಯರು ಭಾಷಣದ ರಭಸದಲ್ಲಿ ಜಾನ್ ಹ್ಯಾಂಡ್ಸ್ ಅವರನ್ನೂ ನಮ್ಮ ಶಾಲೆಗೆ ಸೇರಿಸಿಬಿಟ್ಟರು. ಸ್ವಾಮಿ, 1810ರಲ್ಲಿ ಬಳ್ಳಾರಿಗೆ ಬಂದು ಬೈಬಲ್ಲನ್ನು ಕನ್ನಡಕ್ಕೆ ತಂದ ಹ್ಯಾಂಡ್ಸ್ ಲಂಡನ್ ಮಿಷನ್ನಿನವರು, ಪ್ರಾಟೆಸ್ಟೆಂಟರು. ಆ ಕಡೆಯ ಶಾಲೆ ವಾರ್ಡ್‌ಲಾ. ನಾವು ಮ್ಯಾಚಿನಲ್ಲಿ ಸೋಲುತ್ತಿದ್ದದ್ದು ಅವರ ಕೈಯಲ್ಲಿ! ಇನ್ನೊಬ್ಬರು ಇದೆಲ್ಲ ಬ್ರಿಟಿಷರ ಜೊತೆ ಬಂದದ್ದು ಅಂದರು. ಲಿಂಗಸೂಗೂರು ತಾಲ್ಲೂಕಿನ ಮುದಗಲ್ಲಿಗೆ ಒಮ್ಮೆ ಹೋಗಿ ಬನ್ನಿ. ಅಲ್ಲಿ ಜೆಸ್ವಿಟ್ ಅನ್ನುವ ಕಥೋಲಿಕ ಸಭೆಯ ಪಾದ್ರಿಗಳು 1557ಕ್ಕೂ ಮೊದಲೇ ಚರ್ಚ್ ಕಟ್ಟಿದ್ದರು. ಆಗ ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿ ಇನ್ನೂ ಹುಟ್ಟಿಯೇ ಇರಲಿಲ್ಲ.

ಬಳ್ಳಾರಿ ಊರಿನ ಕಥೆ ಬೇರೆ, ಒಪ್ಪುತ್ತೇನೆ. 1800ರಲ್ಲಿ ನಿಜಾಮ ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. ಕಂಪನಿಯ ಥಾಮಸ್ ಮನ್ರೋ ಕಲೆಕ್ಟರಾಗಿ ಬಂದ. ಹಿಂದೆಯೇ ದಂಡು ಬಂತು. ದಂಡಿನ ಐರಿಷ್ ಸಿಪಾಯಿಗಳು ಕಥೋಲಿಕರು. ಅವರಿಗೆ ಪೂಜೆ ಮಾಡಿಸಲು ಗುರುಗಳು ಬೇಕು, ಮಕ್ಕಳಿಗೆ ಶಾಲೆ ಬೇಕು. ಧಾತು, ಈಶ್ವರ ಸಂವತ್ಸರದ ಬರ, ಅಂದರೆ 1876ರಿಂದ 78ರವರೆಗಿನದ್ದು, ಈ ಜಿಲ್ಲೆಯನ್ನು ಹಣ್ಣು ಮಾಡಿತು. ಆಗ ಮಿಷನ್ನಿನವರು ಅನಾಥ ಮಕ್ಕಳನ್ನು ಸಾಕಿದರು. ಸಾಕಿದ ಮಕ್ಕಳಿಗೆ ಅಕ್ಷರವೂ ಬೇಕಲ್ವಾ? ಹೀಗೆ ಬೆಳೆದದ್ದು ಇದು. ಮೊದಲು ಎಲ್ಲ ಮದ್ರಾಸಿನ ಆರ್ಚ್‌ಬಿಷಪ್ಪರ ಕೆಳಗಿತ್ತು. 1928ರಲ್ಲಿ ಬಳ್ಳಾರಿಯನ್ನು ಬೇರೆ ಮಾಡಿದರು. 1949ರಲ್ಲಿ ಅದು ಧರ್ಮಕ್ಷೇತ್ರವಾಯಿತು, ಅಂದರೆ ತನ್ನದೇ ಬಿಷಪ್ ಇರುವ ಡಯಾಸಿಸ್, ಫ್ರಾನ್ಸಿಸ್ಕನ್ ಸಭೆಯ ಜಾನ್ ಫಾರೆಸ್ಟ್ ಹೋಗನ್ ಮೊದಲ ಬಿಷಪ್ ಆದರು. ಈಗ ರಾಯಚೂರು, ಕೊಪ್ಪಳ, ವಿಜಯನಗರ ಎಲ್ಲ ಇದರೊಳಗೇ ಬರುತ್ತವೆ.

ಇಷ್ಟನ್ನು ಸ್ಮರಣ ಸಂಚಿಕೆಯಲ್ಲಿ ಹಾಕಿದ್ದಾರೆ, ಚಂದ ಮಾಡಿ ಹಾಕಿದ್ದಾರೆ. ಫಾದರ್‌ಗಳ ಫೋಟೋ ಸಾಲಾಗಿ ಇವೆ. ಆಮೇಲೆ ಶಾಸಕರ ಫೋಟೋ, ಗಣಿ ಧಣಿಗಳ ಫೋಟೋ, ಅಮೆರಿಕದಲ್ಲಿರುವ ನಮ್ಮ ಹುಡುಗರು ಹಿಮದಲ್ಲಿ ನಿಂತ ಫೋಟೋ. ಮೇಷ್ಟ್ರುಗಳು? ಕೊನೆಯ ಪುಟದ ಒಂದು ಗ್ರೂಪ್ ಫೋಟೋದಲ್ಲಿದ್ದಾರೆ. ಕೆಳಗೆ ಹೆಸರೂ ಇಲ್ಲ. "ಬೋಧಕ ವೃಂದ" ಅಂತ ಬರೆದು ಕೈ ಮುಗಿದಿದ್ದಾರೆ.

ನನಗೆ ಕಲಿಸಿದವರನ್ನು ನೆನಪು ಮಾಡಿಕೊಂಡರೆ ಆ ಶಾಲೆಯಲ್ಲಿ ಕಥೋಲಿಕರು ಎಷ್ಟು ಕಡಿಮೆ ಇದ್ದರು ಅಂತ ಆಶ್ಚರ್ಯ ಆಗುತ್ತದೆ. ಕನ್ನಡದ ಸಾರು ಹಣೆ ತುಂಬ ವಿಭೂತಿ ಬಳಿದುಕೊಂಡು ಬರುತ್ತಿದ್ದರು. ಶಿಲುಬೆಯ ಕೆಳಗೆ ನಿಂತು ಬಸವಣ್ಣನ ವಚನ ಹೇಳುತ್ತಿದ್ದರು. ಹಿಂದಿ ಮೇಡಂ ಕೌಲ್ ಬಜಾರಿನ ಮುಸ್ಲಿಂ ಮನೆಯವರು. ಅವರು ಬೈದರೆ ಉರ್ದುವಿನಲ್ಲಿ ಬೈಯುತ್ತಿದ್ದರು, ಕೇಳೋಕೆ ಚೆನ್ನಾಗಿರುತ್ತಿತ್ತು. ವಿಜ್ಞಾನದ ಸಾರು ರಾಯದುರ್ಗದ ಕಡೆಯವರು. ಪಾಠ ಕನ್ನಡದಲ್ಲಿ ಶುರುವಾಗಿ, ಸಿಟ್ಟು ಏರಿದ ಹಾಗೆ ತೆಲುಗಿಗೆ ಹೋಗುತ್ತಿತ್ತು. 1953ರಲ್ಲಿ ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂತು, ರಾಯದುರ್ಗ, ಆದೋನಿ ಆಂಧ್ರಕ್ಕೆ ಹೋದವು. ನಮ್ಮ ವಿಜ್ಞಾನದ ಸಾರಿನ ಮಟ್ಟಿಗೆ ಆ ಗಡಿ ಕೊನೆಯವರೆಗೂ ಇತ್ಯರ್ಥವಾಗಲಿಲ್ಲ.

ಶುಕ್ರವಾರ ಮಧ್ಯಾಹ್ನ ನಮಾಜಿಗೆ ಹೋಗುವ ಹುಡುಗರನ್ನು ಯಾರೂ ತಡೆಯುತ್ತಿರಲಿಲ್ಲ. (ಆ ಸಾಲಿನಲ್ಲಿ ಗಣಿತ ತಪ್ಪಿಸಿಕೊಳ್ಳಲು ಒಬ್ಬ ಲಿಂಗಾಯತರ ಹುಡುಗನೂ ಹೋಗುತ್ತಿದ್ದ. ಈಗ ಅವನು ಗುತ್ತಿಗೆದಾರ. ಗ್ರಾನೈಟಿನಲ್ಲಿ ಅವನ ಹೆಸರು ಮೇಲಿನಿಂದ ಮೂರನೆಯದು.) ಕಥೋಲಿಕ ಹುಡುಗರು ಧರ್ಮೋಪದೇಶದ ತರಗತಿಗೆ ಹೋದರೆ ನಮಗೆ ನೀತಿಪಾಠ. ಸರ್ಕಾರದ ದುಡ್ಡು ಪಡೆಯುವ ಶಾಲೆಯಲ್ಲಿ ಯಾರಿಗೂ ಬಲವಂತವಾಗಿ ಧರ್ಮ ಬೋಧಿಸುವ ಹಾಗಿಲ್ಲ, ಸಂವಿಧಾನದ 28ನೇ ವಿಧಿ. ಡಿಸೆಂಬರ್ ಬಂದರೆ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಕಟ್ಟುವುದಕ್ಕೆ ಮಾತ್ರ ಎಲ್ಲ ಜಾತಿಯವರೂ ಓಡುತ್ತಿದ್ದೆವು. ಆಗ ಕ್ಲಾಸ್ ಇರುತ್ತಿರಲಿಲ್ಲವಲ್ಲ.

ಮಕ್ಕಳು ಯಾರು? ಬೀಡಿ ಕಟ್ಟುವವರ ಮಕ್ಕಳು, ಹಮಾಲರ ಮಕ್ಕಳು, ಜೀನ್ಸ್ ಹೊಲಿಯುವವರ ಮಕ್ಕಳು. ನಮ್ಮೂರ ಜೀನ್ಸ್ ಹೊರ ರಾಜ್ಯಗಳಿಗೆಲ್ಲ ಹೋಗುತ್ತದೆ ಅಂತ ಹೆಮ್ಮೆ ಪಡುತ್ತೇವೆ. ಆ ಪ್ಯಾಂಟುಗಳ ದಾರ ಕತ್ತರಿಸಿ ರಾತ್ರಿ ನಿದ್ದೆಗೆಟ್ಟ ಹುಡುಗರು ಬೆಳಿಗ್ಗೆ ಮೊದಲ ಪೀರಿಯಡ್ಡಿನಲ್ಲಿ ತೂಕಡಿಸುತ್ತಿದ್ದರು. ಆಮೇಲೆ ಗಣಿ ಕಾಲ ಬಂತು. ಚೀನಾಕ್ಕೆ ಅದಿರು ಹೊರಟಿತು. ಹತ್ತನೇ ಕ್ಲಾಸಿನ ಹುಡುಗರು ಲಾರಿ ಕ್ಲೀನರಾಗಿ ಮಾಯವಾದರು. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸಿದಾಗ ಅವರಿಗೆ ಆ ಕಡೆ ಕೆಲಸವೂ ಇಲ್ಲ, ಈ ಕಡೆ ಎಸ್ಸೆಸ್ಸೆಲ್ಸಿಯೂ ಇಲ್ಲ. ಅಂಥ ಹುಡುಗರ ಮನೆಗೆ ಸೈಕಲ್ ತುಳಿದುಕೊಂಡು ಹೋಗಿ, "ಏನಮ್ಮಾ, ಒಂದು ವರ್ಷ ತಡಕೊಳ್ರಿ, ಪರೀಕ್ಷೆ ಬರೀಲಿ" ಅಂತ ತಾಯಂದಿರ ಹತ್ತಿರ ಬೇಡಿಕೊಂಡವರು ಯಾವ ಫಾದರೂ ಅಲ್ಲ. ಗಣಿತದ ಸಾರು. ಈಗ ಖಾಲಿ ಇರುವುದು ಅವರ ಕುರ್ಚಿಯೇ.

ಇನ್ನು ಅನುದಾನದ ವಿಷಯ. ಬೋರಾಗುತ್ತದೆ, ಆದರೂ ಓದಿ. ಖಾಸಗಿ ಶಾಲೆಗೆ ಸರ್ಕಾರ ದುಡ್ಡು ಕೊಡುವ ಪದ್ಧತಿ ಗಟ್ಟಿಯಾದದ್ದು 1854ರಲ್ಲಿ, ಚಾರ್ಲ್ಸ್ ವುಡ್ ಲಂಡನ್ನಿನಿಂದ ಕಳಿಸಿದ ಪತ್ರದಿಂದ. ಜಾಗ, ಕಟ್ಟಡ ಮಿಷನ್ನಿನದು, ಮೇಷ್ಟ್ರ ಸಂಬಳಕ್ಕೆ ಸರ್ಕಾರದ ಸಹಾಯ. ಇವತ್ತಿಗೂ ಲೆಕ್ಕ ಹೆಚ್ಚುಕಡಿಮೆ ಹಾಗೇ ಇದೆ. ಸಂವಿಧಾನ ಬಂದ ಮೇಲೆ 30ನೇ ವಿಧಿ ಸೇರಿತು: ಅಲ್ಪಸಂಖ್ಯಾತರು ತಮ್ಮ ಶಾಲೆ ಕಟ್ಟಿ ನಡೆಸಬಹುದು, ಅನುದಾನ ಕೊಡುವಾಗ ಸರ್ಕಾರ ಅವರಿಗೆ ಭೇದ ಮಾಡುವ ಹಾಗಿಲ್ಲ. ಹೀಗಾಗಿ ಕನ್ನಡ ಮಾಧ್ಯಮದಲ್ಲಿ ಬಡವರ ಮಕ್ಕಳು ಇಂಥ ಶಾಲೆಯಲ್ಲಿ ಓದಿದರು.

ಈಗ ಏನಾಗಿದೆ? ಅನುದಾನಿತ ಶಾಲೆಯಲ್ಲಿ ಒಬ್ಬರು ನಿವೃತ್ತರಾದರೆ ಆ ಜಾಗ ತುಂಬಲು ಸರ್ಕಾರದ ಅನುಮತಿ ಬೇಕು. ಫೈಲು ಹೋಗುತ್ತದೆ. ಆರ್ಥಿಕ ಇಲಾಖೆ ನೋಡುತ್ತದೆ. ನೋಡುತ್ತಲೇ ಇರುತ್ತದೆ. ಅಷ್ಟರಲ್ಲಿ ಮೇಷ್ಟ್ರಿಲ್ಲ ಅಂತ ಮಕ್ಕಳು ಬೇರೆ ಶಾಲೆಗೆ ಹೋಗುತ್ತಾರೆ. ಆಮೇಲೆ, "ಮಕ್ಕಳೇ ಇಲ್ಲವಲ್ಲ, ಮೇಷ್ಟ್ರು ಯಾಕೆ?" ಈ ಜಾಣತನಕ್ಕೆ ಏನು ಹೇಳೋಣ? ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಮಾತ್ರ, ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಪಟ್ಟಿಯಲ್ಲಿ ಕೆಳಗೇ ಯಾಕಿರುತ್ತವೆ ಅಂತ ಟಿವಿಯಲ್ಲಿ ಚರ್ಚೆ.

ನಮ್ಮಮ್ಮನ ವಿಷಯ ನಿಮ್ಮಲ್ಲಿ ಜಾಸ್ತಿ ಜನಕ್ಕೆ ಗೊತ್ತು. ಸಮಾಜ ವಿಜ್ಞಾನ ಟೀಚರ್, ಇಂಥದ್ದೇ ಇನ್ನೊಂದು ಶಾಲೆಯಲ್ಲಿ. ಅನುದಾನಕ್ಕೆ ಒಳಪಡುವ ಮೊದಲು ವರ್ಷಗಟ್ಟಲೆ ಆಡಳಿತ ಮಂಡಳಿ ಕೊಟ್ಟಷ್ಟಕ್ಕೆ ದುಡಿದರು. "ಈ ವರ್ಷ ಅಪ್ರೂವಲ್ ಬರುತ್ತೆ" ಅನ್ನೋದು ನಮ್ಮ ಮನೆಯಲ್ಲಿ ಯುಗಾದಿ ದಿನದ ಮಾತು. ಹೈಸ್ಕೂಲಿನಲ್ಲಿದ್ದಾಗ ನನಗೆ ಅಮ್ಮನ ಮೇಲೇ ಸಿಟ್ಟಿತ್ತು. ಬ್ಯಾಂಕಿನ ಪರೀಕ್ಷೆ ಬರೆಯಬಹುದಿತ್ತಲ್ಲ, ಯಾಕೆ ಬರೆಯಲಿಲ್ಲ ಅಂತ. ಅಪ್ರೂವಲ್ ಬಂದ ದಿನ ಅಮ್ಮ ಒಗ್ಗರಣೆ ಮಂಡಕ್ಕಿ, ಮಿರ್ಚಿ ಮಾಡಿ ಇಡೀ ವಠಾರಕ್ಕೆ ಹಂಚಿದರು. ನಿವೃತ್ತರಾದ ದಿನ ಶಾಲೆಯವರು ಶಾಲು, ಹಣ್ಣಿನ ಬುಟ್ಟಿ ಕೊಟ್ಟು ಕಳಿಸಿದರು. ಹಣ್ಣನ್ನು ನಾವೇ ತಿಂದೆವು. ಹಾಗಾಗಿ, "ಇವನು ಅಮ್ಮನ ಕಡೆಯಿಂದ ಮಾತಾಡುತ್ತಿದ್ದಾನೆ" ಅಂತ ಯಾರಾದರೂ ಕಾಮೆಂಟ್ ಹಾಕುವ ಮೊದಲೇ ಹೇಳುತ್ತೇನೆ. ಹೌದು, ಅಮ್ಮನ ಕಡೆಯಿಂದಲೇ. ನಿಮ್ಮದೇನು ತಕರಾರು?

ಊಟದ ಹೊತ್ತಿನಲ್ಲಿ ನಮ್ಮ ಖಜಾಂಚಿ ಅಣ್ಣನನ್ನು ಹಿಡಿದು ಕೇಳಿದೆ. "ಅಣ್ಣಾ, ಈ ದುಡ್ಡಲ್ಲಿ ಗಣಿತದ ಟೀಚರಿಗೆ ಒಂದಷ್ಟು ವರ್ಷ ಸಂಬಳ ಕೊಡಬಹುದಿತ್ತಲ್ಲ?" ಅವರು ಹೋಳಿಗೆ ಮುರಿಯುತ್ತಾ, "ಬಿಡಪ್ಪ ನೀನೊಬ್ಬ. ಸಂಬಳ ಕೊಡೋದು ಸರ್ಕಾರದ ಕೆಲಸ. ನಾವು ಕೊಡೋಕೆ ಶುರು ಮಾಡಿದ್ರೆ ಸರ್ಕಾರ ಪೂರ್ತಿ ಕೈ ತೊಳಕೊಂಡುಬಿಡುತ್ತೆ" ಅಂದರು. ಮಾತಿನಲ್ಲಿ ಸ್ವಲ್ಪ ನ್ಯಾಯ ಇದೆ. ಸ್ವಲ್ಪವೇ. ಹಾಗಾದರೆ ಕಮಾನು ಕಟ್ಟೋದು ಯಾರ ಕೆಲಸ ಆಗಿತ್ತು ಅಣ್ಣಾ? ಕಮಾನು ಇಲ್ಲ ಅಂತ ಯಾವ ಹುಡುಗ ಶಾಲೆ ಬಿಟ್ಟಿದ್ದ? ಸರ್ಕಾರದ ಮೇಲೆ ಒತ್ತಡ ತರಬೇಕು ಅನ್ನೋದಾದರೆ ತನ್ನಿ. ವೇದಿಕೆ ಮೇಲೆ ಶಾಸಕರು ಕೂತಿದ್ದರಲ್ಲ, ಪಕ್ಕದಲ್ಲೇ, ಒಂದು ಮನವಿ ಪತ್ರ ಕೊಡಬಹುದಿತ್ತು. ಕೊಟ್ಟದ್ದು ಮೈಸೂರು ಪೇಟ.

ಇನ್ನೊಬ್ಬ ಗೆಳೆಯ, "ಆಡಳಿತ ಮಂಡಳಿಗೆ ದುಡ್ಡಿಲ್ವಾ? ಅವರೇ ಕೊಡಲಿ" ಅಂದ. ಇದನ್ನು ಮಾತ್ರ ತಳ್ಳಿಹಾಕುವುದಕ್ಕೆ ನನಗೆ ಮನಸ್ಸಿಲ್ಲ. ಅದೇ ಕಾಂಪೌಂಡಿನ ಇನ್ನೊಂದು ಮೂಲೆಯಲ್ಲಿ ಇಂಗ್ಲಿಷ್ ಮಾಧ್ಯಮದ ಕಟ್ಟಡ ಮೇಲೇಳುತ್ತಲೇ ಇದೆ. ಅಲ್ಲಿ ಫೀಸು ಇದೆ, ಸ್ಮಾರ್ಟ್ ಬೋರ್ಡ್ ಇದೆ, ಬಸ್ಸಿದೆ. ಕನ್ನಡ ಮಾಧ್ಯಮದ ಕಿಟಕಿಗೆ ಬಾಗಿಲೂ ಸರಿಯಾಗಿಲ್ಲ. ಬರದಲ್ಲಿ ಅನಾಥರನ್ನು ಸಾಕಿದವರ ಪರಂಪರೆ ನಮ್ಮದು ಅಂತ ಸಂಚಿಕೆಯ ಎರಡನೇ ಪುಟದಲ್ಲಿ ಬರೆದುಕೊಂಡ ಮೇಲೆ, ಜೀನ್ಸ್ ಹೊಲಿಯುವವರ ಮಕ್ಕಳು ಕೂರುವ ಕೋಣೆಗೆ ಒಬ್ಬ ಮೇಷ್ಟ್ರನ್ನು ಕೊಡುವುದು ಅಂಥಾ ಕಷ್ಟವೇ? ಇದನ್ನು ಒಬ್ಬ ಹಿರಿಯ ಫಾದರ್ ಹತ್ತಿರವೇ ಕೇಳಿದೆ. ಅವರು ಕೋಪ ಮಾಡಿಕೊಳ್ಳಲಿಲ್ಲ. "ನೀವೆಲ್ಲ ನಿಮ್ಮ ಮಕ್ಕಳನ್ನ ಎಲ್ಲಿ ಸೇರಿಸಿದೀರಿ?" ಅಂತ ನಗುತ್ತಲೇ ಕೇಳಿದರು. ಸುತ್ತ ನಿಂತಿದ್ದವರು ಫೋನ್ ನೋಡಿಕೊಂಡರು. ನನಗೆ ಮಕ್ಕಳಿಲ್ಲ, ಹಾಗಾಗಿ ನಾನೊಬ್ಬನೇ ತಲೆ ಎತ್ತಿ ನಿಂತಿದ್ದೆ. ಇಂಥ ವಿಷಯಕ್ಕೆಲ್ಲ ಅದೃಷ್ಟ ಬೇಕು ನೋಡಿ.

ಇನ್ನು, "ಆಗಿನ ಏಟು, ಆಗಿನ ಶಿಸ್ತು ಈಗೆಲ್ಲಿ" ಅಂತ ಕಣ್ಣೊರೆಸಿಕೊಂಡ ಮೂವರ ಬಗ್ಗೆ ಬರೆಯಲು ಹೋದರೆ ಇನ್ನೊಂದು ಪೋಸ್ಟ್ ಆಗುತ್ತದೆ. ಒಂದೇ ಮಾತು: ಹೊಡೆದ ಬೆತ್ತ ಇಷ್ಟು ಚೆನ್ನಾಗಿ ನೆನಪಿದೆ, ಹೊಡೆದವರ ಪೂರ್ತಿ ಹೆಸರು ಹೇಳಿ ಅಂದರೆ ಮೂವರಿಗೂ ಬರಲಿಲ್ಲ.

ಈಗ ಕೆಲಸದ ಮಾತು. ಸಂಘದ ಖಾತೆಯಲ್ಲಿ ಇನ್ನೂ ಸ್ವಲ್ಪ ಹಣ ಉಳಿದಿದೆಯಂತೆ. ಕಮಾನಿಗೆ ಲೈಟಿಂಗ್ ಹಾಕಿಸುವ ಪ್ರಸ್ತಾಪ ಗ್ರೂಪಿನಲ್ಲಿ ಓಡುತ್ತಿದೆ. ನಾನು ಬೇಡ ಅಂತ ಬರೆದಿದ್ದೇನೆ. ನನ್ನ ಜೊತೆ ಇಲ್ಲಿಯವರೆಗೆ ಇಬ್ಬರಿದ್ದಾರೆ. ಗಣಿತದ ಟೀಚರಿಗೆ ಈ ಜೂನ್‌ನಿಂದ ಮಾರ್ಚ್‌ವರೆಗೆ ಮರ್ಯಾದೆಯ ಸಂಬಳ ಕೊಡಲು, ಜೊತೆಗೆ ಹುದ್ದೆ ತುಂಬುವ ಅನುಮತಿಗಾಗಿ ಡಿಡಿಪಿಐ (ಜಿಲ್ಲೆಯ ಶಿಕ್ಷಣ ಇಲಾಖೆಯ ಉಪನಿರ್ದೇಶಕರು) ಕಚೇರಿಗೆ ಮನವಿ ಹಿಡಿದುಕೊಂಡು ಬರಲು ತಯಾರಿರುವವರು ಇನ್‌ಬಾಕ್ಸಿಗೆ ಬನ್ನಿ. ಎಷ್ಟು ಕೊಡುತ್ತೀರಿ ಅನ್ನೋದನ್ನು ಅಲ್ಲೇ ಬರೆಯಿರಿ, ಎಲ್ಲೂ ಕೆತ್ತಿಸುವುದಿಲ್ಲ. ಬರೀ ಕೈ ಮುಗಿಯುವ ಇಮೋಜಿ ಹಾಕುವವರು ದಯವಿಟ್ಟು ಮುಂದಿನ ಪೋಸ್ಟಿಗೆ ಹೋಗಿ.