ಈ ಸಣ್ಣ ಸೇತುವೆ ಬಗ್ಗೆನೂ ಸ್ವಲ್ಪ ಮಾತಾಡೋಣ

ಆನೆಗೊಂದಿಯಲ್ಲಿ ಸೇತುವೆ ಅಂದರೆ ಎಲ್ಲರಿಗೂ ನೆನಪಾಗೋದು ಹಂಪಿ ಕಡೆಗೆ ತುಂಗಭದ್ರಾ ನದಿ ದಾಟೋಕೆ ಕಟ್ಟಹೊರಟ ತಳವಾರಘಟ್ಟದ್ದೇ. ಅದರ ಗಲಾಟೆಯಲ್ಲಿ ಹಂಪಿ 1999ರಲ್ಲಿ ಯುನೆಸ್ಕೋದ ಅಪಾಯದಲ್ಲಿರುವ ಪಾರಂಪರಿಕ ತಾಣಗಳ ಪಟ್ಟಿ ಸೇರಿತು. 2009ರ ಜನವರಿಯಲ್ಲಿ ಕಟ್ಟುತ್ತಿದ್ದ ಸೇತುವೆಯೇ ಕುಸಿದು ಕೂಲಿಯವರ ಪ್ರಾಣ ಹೋಯಿತು. ಅದರ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ನಾನು ಹೇಳಹೊರಟಿರೋದು ಗದ್ದೆಗೆ ಹೋಗೋರು ವಿಜಯನಗರ ಅರಸರ ಕಾಲದ ನೀರಾವರಿ ಕಾಲುವೆ ದಾಟೋ ಕಾಲುಸೇತುವೆ ಬಗ್ಗೆ.

ಉದ್ದನೆಯ ಎರಡು ಕಲ್ಲುಚಪ್ಪಡಿ, ನಡುವೆ ಆಸರೆಗೊಂದು ಕಲ್ಲು. ಅಷ್ಟೇ. ಜನ ನಡೆದೂ ನಡೆದೂ ಮಧ್ಯಭಾಗ ಸವೆದು ನುಣ್ಣಗಾಗಿದೆ. ಚಪ್ಪಡಿಗಳ ಸಂದಿಯಲ್ಲಿ ಕೆಳಗೆ ಓಡೋ ನೀರು ಕಾಣುತ್ತೆ. ಹಿಡಿಯೋಕೆ ಏನೂ ಇಲ್ಲ. ನಾಟಿ ಟೈಮಲ್ಲಿ ಸಸಿ ಹೊರೆ ಹೊತ್ತ ಹೆಣ್ಣುಮಕ್ಕಳು ಇದರ ಮೇಲೇ ಸಾಲಾಗಿ ದಾಟುತ್ತಾರೆ. "ಯಣ್ಣಾ, ತಲಿ ಮ್ಯಾಲೆ ಹೊರಿ ಇದ್ರ ಕಾಲು ಕಾಣಂಗಿಲ್ಲ, ಕೈಗೆ ಏನರ ಸಿಗಬೇಕು" ಅಂದರು ಒಬ್ಬರು. ಇಂಜಿನಿಯರ್ ರಿಪೋರ್ಟಿಗಿಂತ ಇದು ಸ್ಪಷ್ಟವಾಗಿದೆ ಅಲ್ವಾ?

ಇತ್ತೀಚೆಗೆ ಕಾಲುವೆಗಳಿಗೆ ಕಾಂಕ್ರೀಟ್ ಲೈನಿಂಗ್ ಬಂದಿದೆ. ಅದು ಬೇಡ ಅನ್ನೋಲ್ಲ. ನೀರು ಇಂಗಿ ಹೋಗೋದು ತಪ್ಪಿದರೆ ಕೊನೆಯ ಗದ್ದೆಯವರಿಗೂ ಒಂದಿಷ್ಟು ಸಿಗುತ್ತೆ. ಆದರೆ ಹಳೇ ಕಲ್ಲುಕಟ್ಟಿನ ಕಾಲುವೆಯಲ್ಲಿ ಬಿದ್ದವನಿಗೆ ಹಿಡಿಯೋಕೊಂದು ಕಲ್ಲು ಸಿಗುತ್ತಿತ್ತು. ಈ ನುಣುಪು ಇಳಿಜಾರಿನಲ್ಲಿ ಪಾಚಿ ಕಟ್ಟಿದರೆ ಈಜು ಬಂದವನೂ ಮೇಲೆ ಹತ್ತೋದು ಕಷ್ಟ. ಬಟ್ಟೆ ಒಗೆಯೋಕೆ ಮೆಟ್ಟಿಲಿಲ್ಲ, ಎಮ್ಮೆ ಇಳಿಯೋಕೆ ದಾರಿಯಿಲ್ಲ. ಕಾಲುವೆ ಅಂದರೆ ಬರೀ ನೀರಿನ ಪೈಪು ಅಂದುಕೊಂಡವರ ಕೆಲಸ ಇದು.

ವಿಜಯನಗರದವರು ಹಾಗೆ ಅಂದುಕೊಂಡಿರಲಿಲ್ಲ ಅಂತ ಕಾಣುತ್ತೆ. ನದಿಯ ಆಚೆ ದಂಡೆಯ ಬಸವಣ್ಣ ಕಾಲುವೆ 1521ರಲ್ಲಿ ಕೃಷ್ಣದೇವರಾಯ ಮಾಡಿಸಿದ್ದು. ಅದಕ್ಕೆ ನೀರು ಕೊಡುತ್ತಿದ್ದ ವಲ್ಲಭಾಪುರದ ಅಣೆಕಟ್ಟು ತುಂಗಭದ್ರಾ ಡ್ಯಾಂನ ಹಿನ್ನೀರಲ್ಲಿ ಮುಳುಗಿದರೂ ಕಾಲುವೆ ಇವತ್ತಿಗೂ ಹರಿಯುತ್ತಿದೆ. ಇವು ಮ್ಯೂಸಿಯಂ ವಸ್ತುಗಳಲ್ಲ, ಇವತ್ತಿನ ಅನ್ನ.

ಹಾಗಂತ ಚಪ್ಪಡಿ ಕಿತ್ತು ಸಿಮೆಂಟ್ ಸೇತುವೆ ಹಾಕಿ, ಬಣ್ಣ ಬಳಿದು, ಶಾಸಕರ ಹೆಸರಿನ ಬೋರ್ಡ್ ನೆಡಬೇಡಿ. ಸೆಲ್ಫಿ ಪಾಯಿಂಟಂತೂ ಬೇಡವೇ ಬೇಡ. ಕಲ್ಲು ಹಾಗೇ ಇರಲಿ. ಪಕ್ಕದಲ್ಲಿ, ಕಲ್ಲಿಗೆ ತೂತು ಕೊರೆಯದೆ, ಒಂದು ಕಬ್ಬಿಣದ ಕೈಹಿಡಿ ನಿಲ್ಲಿಸಿ. ಎರಡೂ ದಡಕ್ಕೆ ನಾಲ್ಕು ಮೆಟ್ಟಿಲು, ದನಕ್ಕೊಂದು ಇಳಿಜಾರು. ಈ ಕಾಲುವೆಗಳಲ್ಲಿ ವರ್ಷದ ಹೆಚ್ಚು ದಿನ ನೀರಿರುತ್ತೆ. ರಿಪೇರಿಗೆ ನೀರು ನಿಲ್ಲಿಸೋದೇ ಸ್ವಲ್ಪ ದಿನ. ಈ ಸಲ ನಿಲ್ಲಿಸೋ ಮುಂಚೆ ಪಂಚಾಯ್ತಿಗೆ ಒಂದು ಅರ್ಜಿ ಕೊಡೋಣ. ಸಹಿ ಹಾಕೋರು ಕಾಮೆಂಟಲ್ಲಿ ಹೇಳಿ.