ಅಟ್ಟದಿಂದ ಇಳಿದ ಬಿಬಿಸಿ

ನನ್ನ ಸೋದರಮಾವ ಹೈಸ್ಕೂಲು ಮೇಷ್ಟ್ರಾಗಿ ರಿಟೈರ್ ಆದವರು. ಶಾಲೆಯವರು ಹಳೇ ಕಂಪ್ಯೂಟರೊಂದನ್ನು ಗುಜರಿಗೆ ಹಾಕಲು ಹೊರಟಾಗ ಮನಸ್ಸು ಕೇಳದೆ ಮನೆಗೆ ತಂದು ಅಟ್ಟಕ್ಕೇರಿಸಿದ್ದರು. ಕಳೆದ ಜುಲೈಯಲ್ಲಿ ಹೆಂಚು ಸೋರುತ್ತದೆ ಎಂದು ಅಟ್ಟ ಖಾಲಿ ಮಾಡುವಾಗ ಅದು ನನ್ನ ಪಾಲಿಗೆ ಬಂತು. "ನಿನಗೆ ಹೇಗೂ ಬೇರೆ ಕೆಲಸ ಇಲ್ವಲ್ಲ, ತಗೊಂಡು ಹೋಗು" ಎಂದರು. ರಿಕ್ಷಾದಲ್ಲಿ ಮಡಿಲಲ್ಲಿಟ್ಟುಕೊಂಡು, ಮಳೆ ತಾಗದ ಹಾಗೆ ಟವೆಲ್ ಹೊದೆಸಿ, ಮಂಗಳೂರಿನ ಕದ್ರಿಯ ಮನೆಗೆ ತಂದೆ.

ಅದು ಬಿಬಿಸಿ ಮೈಕ್ರೊ. ಇಂಗ್ಲೆಂಡಿನ ಏಕಾರ್ನ್ ಕಂಪನಿ 1981ರಲ್ಲಿ ಹೊರತಂದದ್ದು. 1984ರಲ್ಲಿ ನಮ್ಮ ದೇಶದ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸಲು ‘ಕ್ಲಾಸ್’ ಎಂಬ ಸರ್ಕಾರಿ ಯೋಜನೆ ಶುರುವಾದಾಗ ತರಿಸಿದ್ದು ಇದನ್ನೇ. ಮೆಮೊರಿ ಒಟ್ಟು 32 ಕೆಬಿ. ವಾಟ್ಸಾಪಿನಲ್ಲಿ ಬೆಳಿಗ್ಗೆ ಬರುವ ಒಂದು ಗುಲಾಬಿ ಹೂವಿನ ಚಿತ್ರ ಕೂಡ ಅದರೊಳಗೆ ಹಿಡಿಸಲಿಕ್ಕಿಲ್ಲ.

"ಬಿಬಿಸಿಯಾ? ಇದರಲ್ಲಿ ವಾರ್ತೆ ಬರ್ತದಾ?" ಎಂದು ಅಮ್ಮ ಕೇಳಿದರು.

"ಬರ್ತದಮ್ಮ. ಇಂಟರ್ನೆಟ್ಟಿಗೆ ಜೋಡಿಸ್ತೇನೆ" ಎಂದುಬಿಟ್ಟೆ. ಬಾಯಿ ತೆರೆದು ಕೆಟ್ಟೆ.

ಹಳೇ ಡಬ್ಬಾ ಟಿವಿಗೆ ತಂತಿ ಸಿಕ್ಕಿಸಿ, ಚಾನೆಲ್ 36ರ ಹತ್ತಿರ ತಿರುಗಿಸಿ, ಸ್ವಿಚ್ ಹಾಕಿದೆ. "ಬೂ... ಪೀಪ್" ಎಂದಿತು. ಪರದೆಯಲ್ಲಿ ‘ಬಿಬಿಸಿ ಕಂಪ್ಯೂಟರ್ 32ಕೆ’ ಎಂದು ಮೂಡಿತು. ಮಾವನಿಗೆ ಫೋನ್ ಮಾಡಿ ಕೊಚ್ಚಿಕೊಳ್ಳುತ್ತಿದ್ದೆ. ಹತ್ತು ನಿಮಿಷ ಆಗಿರಬಹುದು, ಒಳಗೆ ಪಟ್ ಎಂದಿತು. ಕೀಲಿಮಣೆಯ ಸಂದುಗಳಿಂದ ಹೊಗೆ ಏಳತೊಡಗಿತು. ಸಾಧಾರಣ ಹೊಗೆ ಅಲ್ಲ, ಮೂಗಿನೊಳಗೆ ಮನೆ ಮಾಡುವ ಹೊಗೆ. ವಿಚಿತ್ರ ಏನೆಂದರೆ, ಅಷ್ಟರ ನಡುವೆಯೂ ಕಂಪ್ಯೂಟರ್ ಏನೂ ಆಗದ ಹಾಗೆ ಕರ್ಸರ್ ಮಿಟುಕಿಸುತ್ತಾ ನನ್ನ ಅಪ್ಪಣೆಗೆ ಕಾಯುತ್ತಿತ್ತು. ಪ್ಲಗ್ ಕಿತ್ತು ಕಿಟಕಿ ತೆರೆದೆ. ಆಚೆ ಮನೆಯ ಅಕ್ಕ ಕಾಂಪೌಂಡಿನಿಂದಲೇ ಕೇಳಿದರು: "ಒಣಮೀನು ಕರಟಿತಾ?"

ಹಂಪನಕಟ್ಟೆ ಹತ್ತಿರ ಒಬ್ಬರು ರೇಡಿಯೊ ರಿಪೇರಿಯವರಿದ್ದಾರೆ. ಪವರ್ ಸಪ್ಲೈ ಬಿಚ್ಚಿದವರೇ ನಕ್ಕರು. ಕರೆಂಟು ಒಳಗೆ ಬರುವ ಜಾಗದಲ್ಲಿ ಒಂದು ಕಂಡೆನ್ಸರ್. ಹಳದಿ ಪಾರದರ್ಶಕ ಕವಚ, ಮೈ ತುಂಬಾ ಕೂದಲೆಳೆಯಷ್ಟು ಬಿರುಕು. ಒಳಗಿರುವುದು ಕಾಗದದ ಸುರುಳಿ. ವರ್ಷಗಟ್ಟಲೆ ಆ ಬಿರುಕಿನಿಂದ ತೇವ ಹೀರಿಕೊಂಡು, ಕರೆಂಟು ಕೊಟ್ಟ ದಿನ ಸಿಡಿಯುತ್ತದೆ. "ಇಲ್ಲಿಯ ಮಳೆಗೆ ಹಪ್ಪಳವೇ ಮೆತ್ತಗಾಗ್ತದೆ, ಇದು ಬಿಡ್ತದಾ ಮಾರಾಯ್ರೆ? ಹಳೆ ಮಿಷನ್ ಸಿಕ್ಕಿದ್ರೆ ಮೊದ್ಲು ಇದನ್ನು ಬದಲಿಸ್ಬೇಕು. ಸ್ವಿಚ್ ಆಮೇಲೆ" ಎಂದರು. ಇಂಥ ಬುದ್ಧಿಮಾತು ಯಾವಾಗಲೂ ಹೊಗೆಯ ನಂತರವೇ ಸಿಗುವುದು ಯಾಕೋ.

ಮುಂದಿನ ಪೆಟ್ಟು ತಿಂದದ್ದು ತಾಳಮದ್ದಳೆ. ಇಂಟರ್ನೆಟ್ಟಿನ ಜೊತೆ ಮಾತಾಡಿಸಲು ಬೇಸಿಕ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಸಣ್ಣ ಪ್ರೋಗ್ರಾಂ ಬರೆದೆ. ಕರೆಂಟು ಹೋದರೆ ಅದೂ ಹೋಯಿತು. ನಮ್ಮ ಮಳೆಗಾಲದಲ್ಲಿ ಕರೆಂಟು ಹೋಗುವುದಕ್ಕೆ ಲೆಕ್ಕ ಉಂಟಾ? ಮೂರು ಸಲ ಟೈಪ್ ಮಾಡಿ ಮಂಡೆಬಿಸಿಯಾಯಿತು. ಈ ಕಂಪ್ಯೂಟರ್ ಪ್ರೋಗ್ರಾಂ ಉಳಿಸುವುದು ಟೇಪ್ ರೆಕಾರ್ಡರಿನ ಕ್ಯಾಸೆಟ್‌ನಲ್ಲಿ. ಮನೆಯಲ್ಲಿದ್ದದ್ದು ಒಂದೇ ಕ್ಯಾಸೆಟ್, ಅಮ್ಮನ ತಾಳಮದ್ದಳೆಯದ್ದು. ಅದರ ಮೇಲೆ ಬೇರೆ ರೆಕಾರ್ಡ್ ಆಗದ ಹಾಗೆ ಅಂಚಿನ ಸಣ್ಣ ಪ್ಲಾಸ್ಟಿಕ್ ಚೂರು ಮುರಿದು ತೆಗೆದಿದ್ದರು. ಆ ತೂತಿಗೆ ಗಮ್ ಟೇಪ್ ಅಂಟಿಸಿದ ಪಾಪಿ ನಾನೇ. ಸಂಜೆ ಅಮ್ಮ ಹಾಕಿ ಕೇಳುತ್ತಿದ್ದಾರೆ. ಅರ್ಥಧಾರಿ ಕರ್ಣನಾಗಿ ಕೃಷ್ಣನ ಮೇಲೆ ಏರಿಹೋಗುತ್ತಿದ್ದಾಗ ನಡುವೆ "ಕ್ರೀಈಈ... ಕಿರ್ರ್ರ್" ಎಂದು ನನ್ನ ಪ್ರೋಗ್ರಾಂ. ಆಮೇಲೆ ಕೃಷ್ಣ ಸಮಾಧಾನದಿಂದ ಉತ್ತರ ಕೊಟ್ಟ. ಅಮ್ಮ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ವೈಫೈಗೆ ಜೋಡಿಸಲು ಇಎಸ್‌ಪಿ8266 ಎಂಬ ಸಣ್ಣ ಬೋರ್ಡ್ ಸಾಕು. ಹಳೇ ಕಂಪ್ಯೂಟರ್ ಅದನ್ನು ಫೋನ್ ಲೈನಿನ ಮೋಡೆಮ್ ಎಂದೇ ನಂಬುತ್ತದೆ. ಮೋಡೆಮನ್ನು ಕರೆಯುವ ‘ಎಟಿ’ ಎಂಬ ಅಪ್ಪಣೆ ಟೈಪ್ ಮಾಡಿದರೆ ‘ಓಕೆ’ ಎನ್ನುತ್ತದೆ. ತಮಾಷೆಯೆಂದರೆ ಈ ಬೆರಳುದ್ದದ ಬೋರ್ಡ್ 80 ಮೆಗಾಹರ್ಟ್ಸ್, ನಮ್ಮ ಬಿಬಿಸಿ ಬರೀ 2. ಅಜ್ಜನ ಕೈ ಹಿಡಿದು ಪಂಪ್‌ವೆಲ್ ಸರ್ಕಲ್ ದಾಟಿಸುವ ಮೊಮ್ಮಗನ ಹಾಗೆ. ಆದರೆ ಮೊಮ್ಮಗನಿಗೆ 3.3 ವೋಲ್ಟ್ ಮಾತ್ರ ಆಗಿಬರುವುದು, ಮೋಡೆಮ್ ಸಿಕ್ಕಿಸುವ ಅಜ್ಜನ ಸೀರಿಯಲ್ ಪೋರ್ಟ್ 5 ವೋಲ್ಟ್ ಮೇಲಕ್ಕೂ ಕೆಳಕ್ಕೂ ಜಗ್ಗುತ್ತದೆ. ನಡುವೆ ವೋಲ್ಟೇಜ್ ಹೊಂದಿಸುವ ಮ್ಯಾಕ್ಸ್3232 ಚಿಪ್ ಇಲ್ಲದೆ ಜೋಡಿಸಿದ ಮೊದಲ ಬೋರ್ಡ್ ಶಿವನ ಪಾದ ಸೇರಿತು. ಎರಡನೆಯದು ಸಾಯಲಿಲ್ಲ, ಉತ್ತರವನ್ನೂ ಕೊಡಲಿಲ್ಲ. ಆ ಪೋರ್ಟಿನ ಐದು ತೂತುಗಳು ದಾಳದ ಐದರ ಚುಕ್ಕೆಯ ಹಾಗಿವೆ, ಪ್ಲಗ್ಗನ್ನು ತಲೆಕೆಳಗಾಗಿ ಹಾಕಿದರೂ ಸಲೀಸಾಗಿ ಕೂರುತ್ತದೆ. ಕಳಿಸುವ ತಂತಿಯೂ ಪಡೆಯುವ ತಂತಿಯೂ ಅದಲುಬದಲಾಗಿ, ಇಬ್ಬರೂ ಮಾತಾಡುತ್ತಿದ್ದರು, ಕೇಳುವವರು ಯಾರೂ ಇರಲಿಲ್ಲ.

ಅದೂ ಸರಿಯಾಯಿತು. ಈಗ ವೈಫೈ ಪಾಸ್‌ವರ್ಡ್ ತಪ್ಪು ಎನ್ನತೊಡಗಿತು. ಇಪ್ಪತ್ತು ಸಲ ಹೊಡೆದೆ. ಕೊನೆಗೆ ಇಂಟರ್ನೆಟ್ ಕನೆಕ್ಷನ್‌ನ ಹುಡುಗನನ್ನೇ ಕರೆಸಿ, ರೂಟರ್ ಹಾಳಾಗಿದೆ ಎಂದು ಜೋರು ಮಾಡಿದೆ. ಅವನು ಮಳೆಕೋಟಿನಿಂದ ನೀರು ಸುರಿಸುತ್ತಾ ನಿಂತು ನೋಡಿದ. "ಸರ್, ಆ ಕೆಂಪು ಲೈಟ್ ಎಂತದ್ದು?" ಕ್ಯಾಪ್ಸ್ ಲಾಕ್. ಈ ಬಿಬಿಸಿ ಮಹಾನುಭಾವ ಏಳುವುದೇ ಕ್ಯಾಪ್ಸ್ ಲಾಕ್ ಹಾಕಿಕೊಂಡು. ಹಳೇ ಕಂಪ್ಯೂಟರ್ ಅಂದರೆ ಎಲ್ಲವೂ ದೊಡ್ಡಕ್ಷರವೇ ಎಂದುಕೊಂಡಿದ್ದೆ ನಾನು. ಹುಡುಗನಿಗೆ ಚಹಾ ಕೊಟ್ಟು ಕಳಿಸಿದೆ.

ಈಗಿನ ವೆಬ್‌ಸೈಟುಗಳ ಗೂಢಲಿಪಿ ಬಿಡಿಸುವಷ್ಟು ತ್ರಾಣ ಇದಕ್ಕಿಲ್ಲ. ಹಾಗಾಗಿ ವಾರ್ತೆಯ ಆಸೆ ಬಿಟ್ಟೆ. ಚಾವಡಿಯಲ್ಲಿ ಮಗಳ ಲ್ಯಾಪ್‌ಟಾಪಿಗೇ ಕನೆಕ್ಟ್ ಮಾಡಿ "ಏನಾದರೂ ಕಳಿಸು" ಎಂದು ಕೂಗಿದೆ. ಅಡಿಗೆಮನೆಯಿಂದ ಅಮ್ಮನ ಸ್ವರ ಬಂತು: "ಈಗ ಊಟಕ್ಕೆ ಬಾ ಅಂತ ಬರಿ ಅವನಿಗೆ." ಮಗಳು ಅದನ್ನೇ ಕನ್ನಡದಲ್ಲಿ ಟೈಪ್ ಮಾಡಿದಳು.

ಕನ್ನಡದ ಒಂದೊಂದು ಅಕ್ಷರವೂ ಚಿಹ್ನೆಯೂ ತಂತಿಯಲ್ಲಿ ಮೂರು ಮೂರು ಸಂಖ್ಯೆಯಾಗಿ ಹೋಗುತ್ತದೆ. ‘ಈ’ ಅಕ್ಷರದ ಮೂರನೇ ಸಂಖ್ಯೆ 136. ಬಿಬಿಸಿಯ ಟೆಲಿಟೆಕ್ಸ್ಟ್ (ಟಿವಿಯಲ್ಲಿ ಅಕ್ಷರ ತೋರಿಸುವ ಹಳೇ ಪದ್ಧತಿ) ಪರದೆಯಲ್ಲಿ 136 ಅಂದರೆ ‘ಮಿನುಗು’ ಎಂಬ ಅಪ್ಪಣೆ. ‘ಗ’ದ 151 ಅಂದರೆ ‘ಇಟ್ಟಿಗೆ ಚಿತ್ರ ಬಿಡಿಸು’. ‘ಕ್ಕೆ’ ಒಳಗಿನ ಅರ್ಧಾಕ್ಷರದ ಗುರುತು 141, ‘ಎರಡು ಪಟ್ಟು ಎತ್ತರವಾಗು’. ಹೀಗೆ ಪರದೆಯಲ್ಲಿ ಮೊದಲೆರಡು ಸಂಖ್ಯೆಗೆ ಒಂದು ಗೀಟು, ಒಂದು 2, ಆಮೇಲೆ ಬಣ್ಣದ ಇಟ್ಟಿಗೆಗಳು, ಒತ್ತಕ್ಷರದಿಂದ ಮುಂದಿನದೆಲ್ಲ ಉದ್ದುದ್ದ, ತಲೆ ಮಾತ್ರ ಕಾಣುವ ಹಾಗೆ. ಇಡೀ ಸಾಲು ದಸರೆಯ ಲೈಟಿಂಗಿನ ಹಾಗೆ ಮಿನುಗುತ್ತಿತ್ತು.

ಕೈಯಲ್ಲಿ ಸೌಟು ಹಿಡಿದೇ ಅಮ್ಮ ಬಾಗಿಲಿಗೆ ಬಂದು ನೋಡಿದರು.

"ಇದಾ ವಾರ್ತೆ?"

"ಹೌದಮ್ಮ. ಊಟ ತಯಾರಂತೆ."